ಜೊತೆಗೆ ಹೋದವಳು

ಸಾಯಲಿಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗುತ್ತೇನೆಂದು ಪ್ರೇಮಕ್ಕ ಹೇಳಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಸೊಸೆ ಸುಮನಾ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಚಮಚದಿಂದ ಅವಳ ಬಾಯಿಗಿಡುತ್ತಿದ್ದಳು. ಅರ್ಧ ಒಳಗೆ ಹೋದರೆ ಅರ್ಧ ಗಲ್ಲದ ಮೇಲೆ. ಒರೆಸಿ ಇನ್ನೊಂದು ಚಮಚ ಎತ್ತುವಷ್ಟರಲ್ಲಿ ಅತ್ತೆ ಬಾಯಿ ಮುಚ್ಚಿಕೊಂಡಳು.

“ಸಾಕು. ಕೂತ್ಕೊ. ನಿನ್ನಿಂದ ಒಂದು ಕೆಲಸ ಆಗ್ಬೇಕು.”

ಪ್ರೇಮಕ್ಕನ ಮಾತು ಆಗಲೇ ತೊದಲುತ್ತಿತ್ತು. ಮನೆಯಲ್ಲಿ ಅದು ಪೂರ್ತಿ ಅರ್ಥವಾಗುತ್ತಿದ್ದದ್ದು ಸುಮನಾಗೆ ಒಬ್ಬಳಿಗೇ. ಆ ದೇಶದಲ್ಲಿ ಅದಕ್ಕೆ ಕಾನೂನಿದೆಯಂತೆ, ವಾಸಿಯಾಗದ ಕಾಯಿಲೆಯವರು ಹೋಗಿ ಕೇಳಿದರೆ ಡಾಕ್ಟರು ಪರೀಕ್ಷೆ ಮಾಡಿ ಔಷಧಿ ಕೊಡುತ್ತಾರಂತೆ, ಹೊರದೇಶದವರಿಗೂ ಕೊಡುತ್ತಾರಂತೆ. ಮೊಮ್ಮಗಳು ಕೃತಿಕಾಳ ಮೊಬೈಲಿನಲ್ಲಿ ಹಾಕಿಸಿಕೊಂಡು ನೋಡಿದ್ದಳು.

“ಇಂಗ್ಲಿಷಲ್ಲಿ ಬರೆದು ಕೇಳ್ಬೇಕು. ನೀನು ಬರಿ.”

“ನಾನ್ಯಾಕೆ ಅತ್ತೆ? ನಿಮ್ಮ ಮಗನಿಗೆ ಹೇಳಿ.”

“ಅವನು ಅಳ್ತಾನೆ. ನಿನ್ನ ಮಾವ ಎದ್ದು ಹೋಗ್ತಾರೆ. ನಿನಗೆ ನನ್ನ ಕಂಡ್ರೆ ಅಷ್ಟೇನೂ ಇಷ್ಟ ಇಲ್ಲ. ಅದಕ್ಕೇ ನಿನಗೆ ಹೇಳಿದ್ದು.”

ಸುಮನಾ ಅದನ್ನು ಅಲ್ಲಗಳೆಯಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾಡಿದ ಸಾರನ್ನು ಪ್ರೇಮಕ್ಕ ನೆಂಟರ ಎದುರಿಗೇ ಬಚ್ಚಲಿಗೆ ಸುರಿದದ್ದುಂಟು. ಕೃತಿಕಾ ಹುಟ್ಟಿದಾಗ ಆಸ್ಪತ್ರೆಗೆ ಬಂದವಳು ಬಾಗಿಲಲ್ಲೇ ನಿಂತು “ಇರಲಿ ಬಿಡು” ಎಂದು ವಾಪಸು ಹೋದದ್ದುಂಟು.

ನರಸಿಂಹರಾಜಪುರದ ಪೇಟೆಯಲ್ಲಿ ಅವರದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೋರ್ಡಿನ ಮೇಲೆ ಮಾವ ಲಿಂಗಪ್ಪನ ಹೆಸರಿದ್ದರೂ ಗಲ್ಲಾದ ಹಿಂದೆ ಕೂತು ವ್ಯಾಪಾರ ಬೆಳೆಸಿದವಳು ಪ್ರೇಮಕ್ಕ. ಲಿಂಗಪ್ಪ ಸೊಸೈಟಿಯ ಮೀಟಿಂಗು, ಮಠದ ಕಮಿಟಿ ಎಂದು ಬಿಳಿ ಪಂಚೆ ಉಟ್ಟು ಓಡಾಡುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಗಿರಾಕಿಗೆ ಚಿಲ್ಲರೆ ಕೊಡುವಾಗ ಪ್ರೇಮಕ್ಕನ ಬಲಗೈಯಿಂದ ನಾಣ್ಯಗಳು ಜಾರಿ ಬಿದ್ದವು. ಹೆಕ್ಕಲು ಹೋದರೆ ಬೆರಳು ಮಡಚಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ನರದ ಕಾಯಿಲೆ ಎಂದರು. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು, ಹೀಗೆ ಒಂದೊಂದಾಗಿ ಹೋಗುತ್ತದೆ, ತಲೆ ಮಾತ್ರ ಕೊನೆತನಕ ಚುರುಕಾಗಿರುತ್ತದೆ ಎಂದರು. ಸುಮನಾ ಕಾನ್ವೆಂಟಿನ ಟೀಚರ್ ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ.

ಮಧ್ಯಾಹ್ನ ಲಿಂಗಪ್ಪ, ಮಗ ಉಜ್ವಲ್ ಅಂಗಡಿಯಿಂದ ಊಟಕ್ಕೆ ಮೇಲೆ ಬಂದರು. ಗಾಲಿಕುರ್ಚಿಯಲ್ಲಿ ಕೂತ ಪ್ರೇಮಕ್ಕ ಹೇಳಿದಳು, ಅರ್ಥವಾಗದ್ದನ್ನು ಸುಮನಾ ಬಿಡಿಸಿ ಹೇಳಿದಳು. ಉಜ್ವಲ್ ಕಲಸಿದ ಅನ್ನ ಬಿಟ್ಟು ಅಮ್ಮನನ್ನೇ ನೋಡಿದ.

“ತಲೆ ಕೆಟ್ಟಿದ್ಯಾ ನಿಂಗೆ? ನಾವೇನು ನಿನ್ನ ಬೀದಿಗೆ ಹಾಕಿದೀವಾ?”

“ಬೀದಿಗೆ ಹಾಕಿದೀರಿ ಅಂತ ನಾನಂದ್ನಾ?”

“ಊರವರು ಎಂತ ಹೇಳ್ತಾರೆ? ಅಮ್ಮನ ನೋಡ್ಕೊಳೋಕಾಗ್ದೆ ಫಾರಿನ್ನಿಗೆ ಕರ್ಕೊಂಡ್ಹೋಗಿ ಮುಗ್ಸಿದ್ರು ಅಂತಾರೆ.”

“ನನ್ನ ನೋಡ್ಕೊಳ್ತಿರೋದು ನೀನಲ್ಲವಲ್ಲ. ನಿನಗೆ ಯಾಕೆ ಆ ಮಾತು ತಾಗ್ಬೇಕು?”

ಲಿಂಗಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದರು: “ಅಲ್ಲೇ ಸತ್ರೆ ದೇಹ ಎಂತ ಮಾಡ್ತಾರೆ?”

“ಸುಡ್ತಾರೆ. ಬೂದಿ ಕೊಡ್ತಾರೆ.”

“ನಮ್ಮಲ್ಲಿ ಸುಡೋದಿಲ್ಲ ಪ್ರೇಮ. ನಮ್ಮಪ್ಪ, ಅಜ್ಜ ಎಲ್ಲ ಇಲ್ಲೇ ಸಮಾಧಿ ಆಗಿದಾರೆ. ಪದ್ಧತಿ ಪ್ರಕಾರ ಕೂರಿಸಿ, ವಿಭೂತಿ ಇಟ್ಟು...”

“ಕೂತು ಕೂತು ನಂಗೆ ಸಾಕಾಗಿದೆ. ಸತ್ತ ಮೇಲೂ ಕೂರಿಸ್ಬೇಡಿ.”

ಲಿಂಗಪ್ಪ ಕೈ ತೊಳೆದು ಎದ್ದು ಹೋದರು. ಉಜ್ವಲ್‌ಗೆ ಅಳು ಬಂತು. ಪ್ರೇಮಕ್ಕ ಸೊಸೆಯ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎನ್ನುವ ಹಾಗೆ ನೋಡಿದಳು.

ಸುಮನಾ ಬರೆದಳು. ಹಳೆಯ ರಿಪೋರ್ಟುಗಳನ್ನೆಲ್ಲ ಕೊಪ್ಪದ ಡಾಕ್ಟರ ಹತ್ತಿರ ಒಯ್ದು ಹೊಸದಾಗಿ ಬರೆಸಿಕೊಂಡು ಬಂದಳು. ಪಾಸ್‌ಪೋರ್ಟಿಗೆಂದು ಅತ್ತೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋಗಿಬಂದಳು. ಕಾರು ಓಡಿಸಿದವನು ಉಜ್ವಲ್‌. ದಾರಿಯಲ್ಲಿ “ಪಾಸ್‌ಪೋರ್ಟ್ ಆದ್ರೆ ಹೋಗ್ಲೇಬೇಕು ಅಂತೇನಿಲ್ಲ” ಎಂದು ಎರಡು ಸಲ ತನಗೇ ಹೇಳಿಕೊಂಡ. ಹಣದ ಮಾತನ್ನು ಯಾರೂ ಎತ್ತಲಿಲ್ಲ. ಅಂಗಡಿಯಲ್ಲಿ ದುಡಿದವಳು ಅವಳು, ಅವಳ ಹೆಸರಿನಲ್ಲೇ ಬೇಕಾದಷ್ಟಿತ್ತು.

ಸುದ್ದಿ ತಿಳಿದು ಬಾಳೆಹೊನ್ನೂರಿನಿಂದ ಲಿಂಗಪ್ಪನ ತಂಗಿ ಶಿವಗಂಗಕ್ಕ ಬಂದಳು. ಬಾಳೆಹಣ್ಣು, ಚಕ್ಕುಲಿ, ಯಾವುದೋ ನಾಟಿ ಎಣ್ಣೆಯ ಬಾಟಲಿ ತಂದಿದ್ದಳು. ಅತ್ತಿಗೆಯ ಪಕ್ಕ ಕೂತು ಅವಳ ಸತ್ತ ಕೈಯನ್ನು ತಿಕ್ಕಿದಳು.

“ಶಿವ ಕೊಟ್ಟ ಜೀವ ಅತ್ತಿಗೆ. ಅವನೇ ತಗೋಬೇಕು.”

“ತಗೊಳ್ಳೋದು ಬೇಡ ಅಂದಿಲ್ಲ. ಹನಿ ಹನಿಯಾಗಿ ತಗೋತಿದಾನಲ್ಲ, ಅದು ಬೇಡ.”

ಶಿವಗಂಗಕ್ಕ ಅಡುಗೆಮನೆಗೆ ಬಂದು ಸುಮನಾಳ ಬೆನ್ನ ಹಿಂದೆ ನಿಂತಳು. “ಎಂತ ಮಾರಾಯ್ತಿ, ನೀನು ಓದಿದವಳು. ಅವರು ಹೇಳಿದ್ರೆ ನೀನು ಬರೆದುಬಿಡೋದಾ? ಇಂಗ್ಲಿಷ್ ಬರಲ್ಲ ಅಂದಿದ್ರೆ ಮುಗೀತಿತ್ತು.”

“ನೀವು ಒಂದು ವಾರ ಇಲ್ಲೇ ಇದ್ದು ನೋಡ್ಕೊಳಿ ಚಿಕ್ಕತ್ತೆ. ಆಮೇಲೂ ನೀವು ಇದನ್ನೇ ಹೇಳಿದ್ರೆ ನಾನು ಬರಿಯಲ್ಲ.”

ಶಿವಗಂಗಕ್ಕನಿಗೆ ಮನೆಯಲ್ಲಿ ಕೆಲಸವಿತ್ತು. ಸಂಜೆ ಬಸ್ಸಿಗೇ ಹೋದಳು.

ಅಲ್ಲಿಯವರೆಗೆ ಮನೆಯಲ್ಲಿ ಗಂಡಸರಿಬ್ಬರದು ಒಂದೇ ಮಾತು, ಬೇಡ. ಅದು ಬದಲಾದದ್ದು ಒಂದು ಭಾನುವಾರ. ಕೃತಿಕಾ ಓದುತ್ತಿದ್ದ ಕೊಪ್ಪದ ಕಾಲೇಜಿನಲ್ಲಿ ಪೋಷಕರ ಸಭೆ ಇತ್ತು. ಸುಮನಾ ಗಂಜಿ ಮಾಡಿಟ್ಟು, ಹೇಗೆ ತಿನ್ನಿಸಬೇಕೆಂದು ಉಜ್ವಲ್‌ಗೆ ತೋರಿಸಿ, ಮಗಳ ಜೊತೆ ಬಸ್ಸು ಹತ್ತಿದಳು. ಸಭೆ ಮುಗಿಯುವ ಮೊದಲೇ ಫೋನು ಬಂತು.

“ಬೇಗ ಬಾ. ಅವಳಿಗೆ ಗಂಜಿ ನೆತ್ತಿಗೇರ್ತು. ಕೆಮ್ಮಿ ಕೆಮ್ಮಿ... ಎಲ್ಲ ಮಾಡ್ಕೊಂಡ್ಬಿಟ್ಟಿದಾಳೆ.”

“ಉಸಿರಾಡ್ತಿದಾರಾ?”

“ಹ್ಞೂಂ.”

“ಹಾಗಾದ್ರೆ ಸೀರೆ ಬಿಚ್ಚಿ ಒರೆಸಿ. ಬಿಸಿನೀರು ಇದೆ ಬಚ್ಚಲಲ್ಲಿ.”

“ನಾನು ಹೆಂಗೆ ಮಾಡ್ಲಿ? ನನ್ನ ಅಮ್ಮ ಅವಳು.”

ಸುಮನಾ ಮನೆ ಸೇರುವವರೆಗೆ ಪ್ರೇಮಕ್ಕ ಅದೇ ಕುರ್ಚಿಯಲ್ಲಿ ಅದರಲ್ಲೇ ಕೂತಿದ್ದಳು. ಉಜ್ವಲ್ ಕೋಣೆಯ ಬಾಗಿಲು ಮುಂದಕ್ಕೆಳೆದು ಹೊರಗೆ ವರಾಂಡದಲ್ಲಿ ನಿಂತಿದ್ದ. ಲಿಂಗಪ್ಪ ಕೆಳಗೆ ಅಂಗಡಿಯ ಶಟರ್ ಅರ್ಧ ಎತ್ತಿಕೊಂಡು, ಭಾನುವಾರವಾದರೂ, ಯಾವುದೋ ಪೈಪಿನ ಕಟ್ಟು ಬಿಚ್ಚುತ್ತಿದ್ದರು. ಸುಮನಾ ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿಕೊಂಡು ಅತ್ತೆಯನ್ನು ತೊಳೆದಳು. ಕೃತಿಕಾ ನೀರು ತಂದುಕೊಟ್ಟಳು.

ಮರುದಿನ ತಿಂಡಿಯ ಹೊತ್ತಿಗೆ ಉಜ್ವಲ್ ಹೇಳಿದ: “ಅವಳಿಷ್ಟದಂತೆ ಆಗ್ಲಿ. ನಾನು ಅಡ್ಡ ಬರಲ್ಲ.”

ಲಿಂಗಪ್ಪ ಲೋಟ ನೋಡುತ್ತ ಹೇಳಿದರು: “ಕಷ್ಟ ನೋಡೋಕಾಗಲ್ಲ. ಹೋಗ್ಲಿ.”

ಅವರು ಕೆಳಗಿಳಿದ ಮೇಲೆ ಪ್ರೇಮಕ್ಕ ನಕ್ಕಳು. ನಕ್ಕರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಸುಮನಾ ಬೆನ್ನು ತಟ್ಟಿದಳು.

“ನೋಡಿದ್ಯಾ? ಒಂದು ದಿನ ಹೇಸಿಗೆ ನೋಡಿದ್ದಕ್ಕೆ ಒಪ್ಪಿಬಿಟ್ರು. ಇನ್ನೊಂದು ನಾಲ್ಕು ದಿನ ಬೇಡ ಅಂತಾರೆ ಅಂದ್ಕೊಂಡಿದ್ದೆ ನಾನು.”

ಆ ದಿನ ಅವಳು ಊಟ ಮಾಡಲಿಲ್ಲ. ಬಾಯಿ ಬಿಗಿದುಕೊಂಡೇ ಇದ್ದಳು. ಸುಮನಾ ಚಮಚ ಹಿಡಿದು ಬಹಳ ಹೊತ್ತು ಕಾದು, ಕೊನೆಗೆ ತಟ್ಟೆ ಒಯ್ದು ತೊಳೆದಿಟ್ಟಳು. ನಾಳೆ ಅತ್ತೆಯೇ ಬೇಡವೆನ್ನಬಹುದು, ಬೇಡವೆಂದರೆ ಒಳ್ಳೆಯದು ಅನ್ನಿಸಿತು ಅವಳಿಗೆ. ನಿಜಕ್ಕೂ ಒಳ್ಳೆಯದೇ ಎಂದು ಮತ್ತೆ ಯೋಚಿಸಿದಾಗ ಇನ್ನೊಂದು ಚಳಿಗಾಲ, ಇನ್ನೊಂದು ಮಳೆಗಾಲ, ಬಚ್ಚಲಿನಲ್ಲಿ ನೆನೆಹಾಕಿದ ಬಟ್ಟೆಗಳ ರಾಶಿ ಕಣ್ಣಿಗೆ ಬಂದು, ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಪ್ರೇಮಕ್ಕ ಬೇಡವೆನ್ನಲಿಲ್ಲ. ಸ್ವಿಟ್ಜರ್ಲೆಂಡಿನಿಂದ, ಬರಬಹುದು ಎಂಬ ಒಪ್ಪಿಗೆ ಬಂದಾಗ “ದಿನ ಗೊತ್ತು ಮಾಡು” ಎಂದಷ್ಟೇ ಹೇಳಿದಳು.

ಆಮೇಲೆ ಎದ್ದದ್ದು ಜೊತೆಗೆ ಹೋಗುವವರು ಯಾರು ಎಂಬ ಮಾತು.

ಉಜ್ವಲ್ ಕೊಪ್ಪಕ್ಕೆ ಹೋಗಿ ಪರಿಚಯದ ವಕೀಲ ಗಂಗಾಧರ್ ಅವರನ್ನು ಕೇಳಿಕೊಂಡು ಬಂದಿದ್ದ. ರಾತ್ರಿಯ ಊಟಕ್ಕೆ ಅಕ್ಕಿರೊಟ್ಟಿ, ಹೀರೆಕಾಯಿ ಪಲ್ಯ. ತಟ್ಟೆ ಮುಂದಿಟ್ಟುಕೊಂಡೇ ಹೇಳಿದ: “ಅಲ್ಲಿ ತೊಂದ್ರೆ ಇಲ್ಲವಂತೆ. ಇಲ್ಲಿ ಬಂದ್ಮೇಲೆ ಯಾರಾದ್ರೂ ದೂರು ಕೊಟ್ರೆ ಜೊತೆಗೆ ಹೋದವರನ್ನ ಕರೆದು ಕೇಳ್ಬಹುದಂತೆ. ಕೇಸು ಆಗ್ತದೆ ಅಂತಲ್ಲ. ಆಗಲ್ಲ ಅಂತ್ಲೂ ಅವರು ಹೇಳ್ಲಿಲ್ಲ.”

“ಹೋಗೋದು ನೀನೇ ತಾನೆ?” ಎಂದರು ಲಿಂಗಪ್ಪ.

“ನಾನಾ? ನೀವು ಗಂಡ.”

“ನನಗೆ ಬಿಪಿ. ಅಲ್ಲಿ ಚಳಿ. ಅಲ್ದೆ ಮಠದ ಕಮಿಟೀಲಿ ಇದ್ಕೊಂಡು ನಾನು ಹೋಗಿ ನಿಂತ್ಕೊಳೋದು ಹೆಂಗೆ?”

“ಮಗ ಆಗಿ ನಾನು ಹೆಂಗೆ ನಿಂತ್ಕೊಳ್ಲಿ? ನನ್ನ ಕೈಲಿ ಆಗಲ್ಲ ಅಪ್ಪ. ಹೊಸ ಪಂಪು ಬೇರೆ ಬರೋದಿದೆ.”

ಕೃತಿಕಾ ರೊಟ್ಟಿ ಮುರಿಯುತ್ತ ಅಂದಳು: “ಪಂಪು ಬರೋದಿದೆ ಅಂತ ಅಜ್ಜಿಗೆ ಹೇಳಿ ಅಪ್ಪ. ಆಮೇಲೆ ಸಾಯ್ತಾರೆ.”

ಉಜ್ವಲ್ ಕೈಯೆತ್ತಿದ. ಹೊಡೆಯಲಿಲ್ಲ. ಇಳಿಸುವಾಗ ಕೈ ತಾಗಿ ನೀರಿನ ಲೋಟ ಉರುಳಿ ಪಲ್ಯದ ಪಾತ್ರೆಯವರೆಗೆ ಹರಿಯಿತು. ಸುಮನಾ ಬಟ್ಟೆ ತಂದು ಒರೆಸಿದಳು. ಒರೆಸಿ ತಲೆಯೆತ್ತಿದರೆ ಇಬ್ಬರೂ ಅವಳನ್ನೇ ನೋಡುತ್ತಿದ್ದರು.

“ಅಮ್ಮನ ಮಾತು ಅರ್ಥ ಆಗೋದು ನಿಂಗೊಬ್ಬಳಿಗೇ ಅಲ್ವಾ” ಎಂದ ಉಜ್ವಲ್. ದನಿ ಮೆತ್ತಗಾಗಿತ್ತು. “ಇಂಗ್ಲಿಷೂ ಬರ್ತದೆ.”

“ನನ್ನ ಮೇಲೆ ಕೇಸಾದ್ರೆ ಪರವಾಗಿಲ್ವಾ?”

“ಹಂಗಲ್ಲ ಮಾರಾಯ್ತಿ...”

ಸುಮನಾ ಒದ್ದೆ ಬಟ್ಟೆಯನ್ನು ಹಿಂಡಿ, ಮಾವನಿಗೆ ಹೇಳಿದಳು: “ನಾನು ಹೋಗ್ತೀನಿ ಮಾವ. ಒಂದು ಮಾತು. ನಾಳೆ ಯಾರು ಕೇಳಿದ್ರೂ, ಮನೆಯವರೆಲ್ಲ ಸೇರಿ ಒಪ್ಪಿ ಕಳಿಸಿದ್ದು ಅಂತ ನೀವು ಬಾಯಿಬಿಟ್ಟು ಹೇಳ್ಬೇಕು.”

“ಹೇಳ್ದೆ ಇರ್ತೀನಾ? ನಾನೇ ಹೇಳ್ತೀನಿ. ನೀನು ನಮ್ಮನೆ ಮಗಳಿದ್ದ ಹಂಗೆ.”

ಹದಿನೇಳು ವರ್ಷದಲ್ಲಿ ಆ ಮಾತನ್ನು ಅವರು ಆಡಿದ್ದು ಅದೇ ಮೊದಲು.

ಹೊರಡುವ ದಿನ ಅಕ್ಕಪಕ್ಕದವರಿಗೆ ಹೇಳಿದ್ದು, ಫಾರಿನ್ನಿನಲ್ಲಿ ಹೊಸ ಟ್ರೀಟ್‌ಮೆಂಟ್ ಇದೆಯಂತೆ ಎಂದು. ಎದುರುಮನೆಯವರು ಬಂದು “ವಾಸಿಯಾಗಿ ಬನ್ನಿ ಪ್ರೇಮಕ್ಕ” ಎಂದು ಹರಸಿದರು. ಪ್ರೇಮಕ್ಕ ತಲೆಯಾಡಿಸಿದಳು. ಲಿಂಗಪ್ಪ ಹೆಂಡತಿಯ ಹಣೆಗೆ ವಿಭೂತಿ ಹಚ್ಚಿದರು. ಉಜ್ವಲ್ ಬೆಂಗಳೂರಿನ ಏರ್‌ಪೋರ್ಟಿನ ತನಕ ಬಂದ. ಗಾಜಿನ ಬಾಗಿಲ ಹತ್ತಿರ ಅಮ್ಮನ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಜನ ನೋಡತೊಡಗಿದಾಗ ಪ್ರೇಮಕ್ಕ ಸುಮನಾಗೆ ಹೇಳಿದಳು, “ತಳ್ಳು ಕುರ್ಚಿ.”

ಆ ದೇಶದಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಡಾಕ್ಟರಮ್ಮ ಎರಡು ಬೇರೆ ಬೇರೆ ದಿನ ಬಂದು ಕೂತು ಕೇಳಿದಳು. ಇದು ನಿನ್ನದೇ ಇಷ್ಟವೇ, ಯಾರಾದರೂ ಒತ್ತಾಯ ಮಾಡಿದರೇ, ಈಗಲೂ ವಾಪಸು ಹೋಗಬಹುದು, ಗೊತ್ತೇ. ಫೋನಿನಲ್ಲಿ ಒಬ್ಬ ಕನ್ನಡದವನನ್ನು ಗೊತ್ತುಮಾಡಿದ್ದರು. ಆದರೆ ಅತ್ತೆಯ ತೊದಲು ಅವನಿಗೆ ಹಿಡಿಯಲಿಲ್ಲ. ಹಾಗಾಗಿ ಪ್ರೇಮಕ್ಕ ಹೇಳಿದ್ದನ್ನು ಸುಮನಾ ಬಿಡಿಸಿ ಹೇಳಿ, ಅದನ್ನು ಅವನು ಇಂಗ್ಲಿಷಿಗೆ ಹಾಕಿ, ಹೌದೇ ಎಂದು ಕೇಳಿದ್ದಕ್ಕೆ ಪ್ರೇಮಕ್ಕ ಮತ್ತೆ ತಲೆಯಾಡಿಸಬೇಕಾಗುತ್ತಿತ್ತು.

“ಒತ್ತಾಯ ಯಾರೂ ಮಾಡ್ಲಿಲ್ಲ ಅಂತ ಹೇಳು. ಬೇಡ ಅಂತ ಒತ್ತಾಯ ಮಾಡಿದವರೂ ಯಾರಿಲ್ಲ. ಅದನ್ನೂ ಹೇಳು.”

ಮೊದಲಿನದನ್ನು ಮಾತ್ರ ಸುಮನಾ ಹೇಳಿದಳು.

ಗೊತ್ತುಮಾಡಿದ ದಿನ ಬೆಳಿಗ್ಗೆ ಅವರನ್ನು ಒಂದು ಚಿಕ್ಕ ಮನೆಗೆ ಕರೆದೊಯ್ದರು. ಮಂಚ, ಸೋಫಾ, ಮೇಜಿನ ಮೇಲೆ ಬಿಸ್ಕತ್ತು. ಔಷಧಿಯನ್ನು ರೋಗಿಯೇ ತೆಗೆದುಕೊಳ್ಳಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಪ್ರೇಮಕ್ಕನಿಗೆ ನುಂಗಲಾಗದ್ದರಿಂದ ತೋಳಿಗೆ ಡ್ರಿಪ್ ಹಾಕಿದರು. ತಿರುಗಿಸಿದರೆ ಔಷಧಿ ಇಳಿಯುವ ಅದರ ಚಿಕ್ಕ ಗಾಲಿಯನ್ನು ಎಡಗೈ ಹೆಬ್ಬೆರಳಿನ ಹತ್ತಿರ ಇಟ್ಟರು. ಆ ಒಂದು ಬೆರಳಿನಲ್ಲಿ ಮಾತ್ರ ಇನ್ನೂ ಜೀವವಿತ್ತು.

“ಮನೆಗೆ ಫೋನ್ ಮಾಡು” ಎಂದಳು ಪ್ರೇಮಕ್ಕ.

ಉಜ್ವಲ್‌ನ ಫೋನು ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ನಿಂತಿತು. ಲಿಂಗಪ್ಪನ ಫೋನಿಗೆ ಮಾಡಿದಾಗ ಅವರು ಎತ್ತಿದರು. ವಿಡಿಯೋದಲ್ಲಿ ಅವರ ಹಣೆ, ಹಿಂದೆ ಅಂಗಡಿಯ ರ‍್ಯಾಕು ಕಾಣುತ್ತಿತ್ತು. ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಆಮೇಲೆ ಕೇಳಿದರು: “ಊಟ ಆಯ್ತಾ?”

“ಆಯ್ತು” ಎಂದಳು ಪ್ರೇಮಕ್ಕ. “ನಿಮ್ದು?”

“ಈಗ ಮೇಲೆ ಹೋಗ್ಬೇಕು.”

“ಹೋಗಿ. ಆರಿಹೋಗ್ತದೆ.”

ಫೋನು ಇಟ್ಟ ಮೇಲೆ, ಡ್ರಿಪ್ ಹಾಕಿದ್ದ ಹೆಂಗಸು ಮೊಣಕಾಲೂರಿ ಕೂತು ಕೊನೆಯ ಸಲ ಕೇಳಬೇಕಾದದ್ದನ್ನು ಕೇಳಿದಳು. ಫೋನಿನ ಕನ್ನಡದವನ ಲೈನು ಆಗಲೇ ಹಾಳಾಗಿ, ದನಿ ತುಂಡು ತುಂಡಾಗಿ ಬರುತ್ತಿತ್ತು. ನೀನೇ ಕೇಳು ಎಂದು ಆ ಹೆಂಗಸು ಸುಮನಾಗೆ ಸನ್ನೆ ಮಾಡಿದಳು.

“ಅತ್ತೆ, ಆ ಗಾಲಿ ತಿರುಗಿಸಿದ್ರೆ ಎಂತ ಆಗ್ತದೆ ಅಂತ ಗೊತ್ತಾ?”

“ಸಾಯ್ತೀನಿ.”

“ಅದೇ ಬೇಕಾ ನಿಮಗೆ?”

“ಬೇಕು.” ಉಸಿರು ಎಳೆದುಕೊಂಡು ಪ್ರೇಮಕ್ಕ ಮತ್ತೆ ಮಾತಾಡಿದಳು. “ಊರಿಗೆ ಹೋದ್ಮೇಲೆ ಅವರು ನಿನ್ನ ಸುಮ್ನೆ ಬಿಡಲ್ಲ. ನಂಗದು ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕರ್ಕೊಂಡ್ಬಂದೆ.”

“ನಂಗೂ ಗೊತ್ತಿತ್ತು ಅತ್ತೆ.”

“ಮತ್ತೆ ಬಂದ್ಯಲ್ಲ?”

ಪ್ರೇಮಕ್ಕನ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು, ಸುಮನಾ ಒರೆಸಿದಳು. ಹೆಬ್ಬೆರಳು ಗಾಲಿಯನ್ನು ಒತ್ತಿತು, ಜಾರಿತು, ಮತ್ತೆ ಒತ್ತಿತು. ತಿರುಗಿಸಲು ಬಹಳ ಕಷ್ಟಪಟ್ಟಳು. ಸುಮನಾಳ ಕೈ ತಾನಾಗಿ ಮುಂದೆ ಹೋಯಿತು. ಆ ಹೆಂಗಸು ಅದನ್ನು ಮೆಲ್ಲಗೆ ಹಿಡಿದು ಹಿಂದಕ್ಕಿಟ್ಟಳು.

ಬೂದಿಯ ಡಬ್ಬಿ ಹಿಡಿದುಕೊಂಡು ಸುಮನಾ ಒಬ್ಬಳೇ ವಾಪಸಾದಳು. ಏರ್‌ಪೋರ್ಟಿಗೆ ಟ್ಯಾಕ್ಸಿ ಕಳಿಸಿದ್ದರು. ಮನೆಯಲ್ಲಿ ಶಿವಗಂಗಕ್ಕ ಅಡುಗೆಮನೆ ಹಿಡಿದಿದ್ದಳು. ಮಠದ ಅಯ್ಯನವರು ಬಂದು ಡಬ್ಬಿಯ ಮೇಲೆ ವಿಭೂತಿ ಹಾಕಿ, ಮಂತ್ರ ಹೇಳಿ, ಹಿರಿಯರ ಸಮಾಧಿಯ ಪಕ್ಕ ಒಂದು ಸಣ್ಣ ಗುಂಡಿಯಲ್ಲಿ ಇಡಿಸಿದರು. ಲಿಂಗಪ್ಪ ಡಬ್ಬಿ ಮುಟ್ಟಲಿಲ್ಲ. ಉಜ್ವಲ್ ಆ ವಾರವೆಲ್ಲ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದ. ಅಮ್ಮ ಕೊನೆಗೆ ಏನೆಂದಳು ಎಂದು ಒಮ್ಮೆಯೂ ಕೇಳಲಿಲ್ಲ. ಸುಮನಾ ಕಾಫಿ ಕೊಟ್ಟರೆ “ಅಲ್ಲಿಡು” ಎನ್ನುತ್ತಿದ್ದ. ಇಟ್ಟ ಕಾಫಿ ಕೆನೆ ಕಟ್ಟಿ ಹಾಗೇ ಇರುತ್ತಿತ್ತು. ಕೇಳಿದವಳು ಕೃತಿಕಾ ಒಬ್ಬಳೇ. ಅವಳಿಗೆ ಸುಮನಾ ಎಲ್ಲವನ್ನೂ, ಊಟ ಆಯ್ತಾ ಎಂದದ್ದನ್ನೂ ಸೇರಿಸಿ ಹೇಳಿದಳು.

ಪ್ರೇಮಕ್ಕನ ಹೆಸರಿನ ಶಿವಗಣಾರಾಧನೆಯ ಊಟದ ದಿನ ತಾರಸಿಯ ಮೇಲೆ ಶಾಮಿಯಾನ ಹಾಕಿ ಸಾಲಾಗಿ ಎಲೆ ಹಾಕಿದರು. ಬಾಳೆಹೊನ್ನೂರು, ಕೊಪ್ಪ, ಮೇಗುಂದದಿಂದ ನೆಂಟರು, ಪೇಟೆಯ ವ್ಯಾಪಾರಸ್ಥರು, ಮಠದ ಕಮಿಟಿಯವರು ಬಂದಿದ್ದರು. ಕೋಸಂಬರಿ, ಪಲ್ಯ, ಚಿತ್ರಾನ್ನ ಬಡಿಸಿಯಾಗಿತ್ತು. ಬಡಿಸುವವರು ಸಾಲದೆ ಸುಮನಾ ಪಾಯಸದ ಬಕೆಟ್ಟು ಹಿಡಿದು ಸಾಲಿನ ತುದಿಗೆ ಬಂದಳು. ಆ ಹೊತ್ತಿಗೆ ಸರಿಯಾಗಿ ಕಮಿಟಿಯ ಮಾರಪ್ಪ ಎಲೆಯ ಮುಂದಿಂದಲೇ ದನಿಯೆತ್ತಿದರು.

“ಅಲ್ಲ ಉಜ್ವಲ್, ಟ್ರೀಟ್‌ಮೆಂಟಿಗೆ ಅಂತ ಹೋದದ್ದಲ್ವಂತೆ? ನಿಮ್ಮತ್ತೆ ಶಿವಗಂಗಕ್ಕ ಬೇರೇನೋ ಹೇಳ್ತಿದ್ರಪ್ಪ.”

ಸುಮನಾ ಮಾವನನ್ನು ನೋಡಿದಳು. ಲಿಂಗಪ್ಪ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದರು.

“ಬೇಡ ಬೇಡ ಅಂತ ನಾವೆಲ್ಲ ಎಷ್ಟು ಹೇಳಿದ್ವಿ” ಎಂದ ಉಜ್ವಲ್. “ಅವಳು ಕೇಳ್ಲಿಲ್ಲ.”

ಅವಳು ಎಂದರೆ ಯಾರು ಎಂದು ಅವನು ಹೇಳಲಿಲ್ಲ. ಸಾಲಿನಲ್ಲಿ ಕೂತವರ ತಲೆಗಳು ಒಂದೊಂದಾಗಿ ಬಕೆಟ್ಟು ಹಿಡಿದು ನಿಂತವಳ ಕಡೆ ತಿರುಗಿದವು. ಮೊದಲಿನವರ ಎಲೆಗೆ ಅವಳು ಸೌಟು ಬಗ್ಗಿಸಿದಳು. ಅವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. “ಸಾಕಮ್ಮ. ಸಿಹಿ ತಿನ್ನಲ್ಲ.” ಪಕ್ಕದವರೂ ಅಂಗೈ ಹಿಡಿದರು. ಅದರ ಪಕ್ಕದವರೂ. ಅವಳು ಒಂದೊಂದೇ ಎಲೆ ದಾಟುತ್ತ ಗಂಡನ ಎದುರಿಗೆ ಬಂದಳು.

“ಅವಳು ಅಂದ್ರೆ ಯಾರು ರೀ? ಹೇಳಿ ಅವರಿಗೆ.”

“ಈಗ ಅದೆಲ್ಲ ಎಂತಕ್ಕೆ? ಬಡಿಸು ಮೊದ್ಲು.”

“ಮಾವ, ನೀವಾದ್ರೂ ಹೇಳಿ.”

“ನಾಲ್ಕು ಜನ ಊಟಕ್ಕೆ ಕೂತಿದಾರಮ್ಮ” ಎಂದರು ಲಿಂಗಪ್ಪ, ಉಪ್ಪಿನಿಂದ ತಲೆಯೆತ್ತದೆ.

ತಾರಸಿಯ ಬಾಗಿಲಲ್ಲಿ ಕೃತಿಕಾ ಬಾಯಿ ತೆರೆದಳು. ಸುಮನಾ ಕೈಸನ್ನೆ ಮಾಡಿ ಅವಳನ್ನು ತಡೆದಳು. ಮಾವನಿಗೂ ಗಂಡನಿಗೂ ನಡುವೆ, ಯಾರೋ ಬರದವರಿಗೆ ಹಾಕಿದ್ದ ಒಂದು ಎಲೆ ಖಾಲಿಯಿತ್ತು. ಅವಳು ಬಕೆಟ್ಟನ್ನು ಸಾಲಿನ ನಡುವೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ಆ ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. ಸೌಟಿನಿಂದ ತಾನೇ ಪಾಯಸ ಬಡಿಸಿಕೊಂಡು ಉಣ್ಣತೊಡಗಿದಳು. ಲಿಂಗಪ್ಪ ಎದ್ದರು. ಉಜ್ವಲ್ “ಸುಮನಾ” ಎಂದ, ಮತ್ತೊಮ್ಮೆ “ಸುಮನಾ” ಎಂದ, ಆಮೇಲೆ ಅವನೂ ಎದ್ದ. ಅವರ ಹಿಂದೆ ಸಾಲಿಗೆ ಸಾಲೇ ಕೈ ತೊಳೆಯಲು ಎದ್ದಿತು. ಅವಳು ಎಲೆ ಬಳಿದು ಪೂರ್ತಿ ಉಂಡಳು, ಇನ್ನೊಂದು ಸೌಟು ಹಾಕಿಕೊಂಡಳು.